ನಲವತ್ತೊಂದನೇ ಪುಟದ ಎಚ್ಚರಿಕೆ

ಅಕ್ಕನ ಕೆಲಸ ಏನು ಅಂತ ಯಾರಾದರೂ ಕೇಳಿದರೆ ಭಾವ, "ಬೇರೆಯವರು ತಪ್ಪು ಮಾಡೋದನ್ನ ನೋಡ್ತಾ ಕೂರೋದು" ಅಂತ ನಗುತ್ತಿದ್ದರು. ಸುಳ್ಳೇನಲ್ಲ. ಆಸ್ಪತ್ರೆ ಯಂತ್ರಗಳ ಕಂಪನಿಯಲ್ಲಿ ಅವಳು ಕೈಪಿಡಿ ಬರೆಯುತ್ತಿದ್ದಳು. ಹೊಸ ಯಂತ್ರವನ್ನು ಮೊದಲು ನಾಲ್ಕಾರು ಜನರ ಕೈಗೆ ಕೊಟ್ಟು, ಎಲ್ಲಿ ತಡವರಿಸುತ್ತಾರೆ ಅಂತ ಗುರುತು ಹಾಕಿಕೊಳ್ಳುವುದೂ ಅವಳ ಪಾಲಿಗೇ ಬಂದಿತ್ತು.

ಆ ಸಲ ಬಂದದ್ದು ನರದೊಳಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಪಂಪು. ಎರಡೂವರೆಗೆ 2.5 ಅಂತ ಒತ್ತಿದರೆ ಚುಕ್ಕಿಯ ಗುಂಡಿ ಒಮ್ಮೊಮ್ಮೆ ಹಿಡಿಯುತ್ತಿರಲಿಲ್ಲ, ಪರದೆಯಲ್ಲಿ ಇಪ್ಪತ್ತೈದು ಮೂಡುತ್ತಿತ್ತು. ಕರೆಸಿದ್ದ ಆರು ನರ್ಸ್‌ಗಳಲ್ಲಿ ನಾಲ್ವರಿಗೆ ಅದು ಗೊತ್ತೇ ಆಗಲಿಲ್ಲ. ಹಿರಿಯ ನರ್ಸ್ ಒಬ್ಬರು, "ಇಪ್ಪತ್ತು ವರ್ಷ ಸರ್ವೀಸು ನಂದು, ಇಷ್ಟೂ ಕಾಣಲಿಲ್ಲವಲ್ಲ" ಅಂತ ಕಣ್ಣೊರೆಸಿಕೊಂಡರು.

"ಪರೀಕ್ಷೆ ನಿಮಗಲ್ಲಮ್ಮ, ಯಂತ್ರಕ್ಕೆ" ಅಂದಳು ಅಕ್ಕ.

ವರದಿ ನೋಡಿ ಮ್ಯಾನೇಜರ್ ಮುಖ ಸಿಂಡರಿಸಿದರು. "ಈಗ ಗುಂಡಿ ಬದಲಾಯಿಸೋಕಾಗುತ್ತಾ? ಕೈಪಿಡೀಲಿ ಒಂದು ಎಚ್ಚರಿಕೆ ಹಾಕಿಬಿಡಿ."

"ಕೈಪಿಡಿ ಯಾರೂ ಓದಲ್ಲ ಸರ್. ಬರೆಯೋಳೇ ಹೇಳ್ತಿದ್ದೀನಿ."

"ಓದದಿದ್ರೆ ಅವರ ಹಣೆಬರಹ."

ಅಕ್ಕ ಬರೆದಳು. ನಲವತ್ತೊಂದನೇ ಪುಟದಲ್ಲಿ, ದಪ್ಪಕ್ಷರದಲ್ಲಿ: 'ಶುರು ಮಾಡುವ ಮೊದಲು ಪರದೆಯಲ್ಲಿ ಚುಕ್ಕಿ ಮೂಡಿದೆಯೇ ನೋಡಿಕೊಳ್ಳಿ.'

ಎಂಟು ತಿಂಗಳಿಗೆ ಯಾವುದೋ ಆಸ್ಪತ್ರೆಯಲ್ಲಿ ರೋಗಿಯೊಬ್ಬ ತೀರಿಕೊಂಡ. ಔಷಧಿ ಹತ್ತು ಪಟ್ಟು ಹೋಗಿತ್ತು. ಪಂಪು ಒತ್ತಿದವಳು ಕೆಲಸಕ್ಕೆ ಸೇರಿ ವರ್ಷವೂ ಆಗಿರದ ನರ್ಸ್. ವಿಚಾರಣೆಯಲ್ಲಿ ಕಂಪನಿಯವರು ಮಾಡಿದ್ದು ಒಂದೇ ಕೆಲಸ: ನಲವತ್ತೊಂದನೇ ಪುಟ ತೆಗೆದು ಮೇಜಿನ ಮೇಲಿಟ್ಟರು.

ವಿಷಯ ಕಿವಿಗೆ ಬಿದ್ದ ದಿನ ಅಕ್ಕ ಹಳೇ ವರದಿಯ ಪ್ರತಿ ಹಿಡಿದು ವಿಚಾರಣೆಯವರ ಮುಂದೆ ಹೋಗಿ ನಿಂತಳು. "ನೀನ್ಯಾಕೆ ಮೈಮೇಲೆ ಎಳ್ಕೊಳ್ತೀಯ?" ಅಂತ ಭಾವ ಗೋಗರೆದರೂ ಕೇಳಲಿಲ್ಲ. ಅಧ್ಯಕ್ಷರು ಎರಡು ಹಾಳೆ ತಿರುವಿ, "ವಿಚಾರಣೆ ನರ್ಸ್ ಮೇಲೆ ಕಣಮ್ಮ, ಯಂತ್ರದ ಮೇಲಲ್ಲ" ಅಂತ ವಾಪಸ್ ಕೊಟ್ಟರು. ನರ್ಸ್‌ನ ಕೆಲಸ ಹೋಯಿತು. ಕಂಪನಿಯ ಕಾಗದ ಹೊರಗೆ ಸಾಗಿಸಿದಳು ಅಂತ ಅಕ್ಕನದೂ ಹೋಯಿತು.

ಒಂದು ಭಾನುವಾರ ಅಕ್ಕ ಆ ನರ್ಸ್ ಹುಡುಗಿಯ ಮನೆ ಹುಡುಕಿಕೊಂಡು ಹೋದಳು. ಜೊತೆಗೆ ನಾನೂ ಇದ್ದೆ. ಹುಡುಗಿ ಬಾಗಿಲು ಅರ್ಧ ತೆರೆದು ಕೇಳಿದಳು, "ಆ ಸಾಲು ಬರೆದೋರು ನೀವೇನಾ?"

"ಹೌದು."

"ಚೆನ್ನಾಗಿ ಬರೆದಿದ್ದೀರ. ವಿಚಾರಣೇಲಿ ನನ್ನ ಕೈಲಿ ಮೂರು ಸಲ ಓದಿಸಿದ್ರು."

ಬಾಗಿಲು ಮುಚ್ಚಿಕೊಂಡಿತು. ಇನ್ನೂ ಬೈಗುಳ ಬಾಕಿಯಿದೆ ಅನ್ನುವಂತೆ ಅಕ್ಕ ಅಲ್ಲೇ ನಿಂತಿದ್ದಳು.

ಮರುವರ್ಷ ಕಂಪನಿ ಸದ್ದಿಲ್ಲದೆ ಗುಂಡಿ ಬದಲಾಯಿಸಿತು. ಹುಡುಗಿಯನ್ನು ಯಾರೂ ವಾಪಸ್ ಕರೆಯಲಿಲ್ಲ. ಅಕ್ಕ ಈಗ ಬಟ್ಟೆ ಒಗೆಯುವ ಯಂತ್ರಗಳಿಗೆ ಕೈಪಿಡಿ ಬರೆಯುತ್ತಾಳೆ. ಅಲ್ಲಿ ಯಾರನ್ನೂ ಕರೆಸಿ ಗುಂಡಿ ಒತ್ತಿಸಿ ನೋಡುವ ಪದ್ಧತಿಯಿಲ್ಲ. ಕರೆಸಿ ಅಂತ ಅವಳೂ ಕೇಳುವುದಿಲ್ಲ.