ಯೋಗೀಶನ ಒರಿಜಿನಲ್ ಮ್ಯಾಕ್

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದರೆ ಎದುರಿಗೇ ಯೋಗೀಶನ ಸ್ಟುಡಿಯೋ. ನಮ್ಮತ್ತೆಯ ತಂಗಿಯ ಮಗ. ಸುತ್ತಿನ ಊರುಗಳಲ್ಲಿ ಮದುವೆ, ನಾಮಕರಣ ಏನೇ ಆದರೂ ಕ್ಯಾಮೆರಾ ಅವನದೇ. ಪಂಕ್ತಿಯಲ್ಲಿ ಹೆಂಗಸರು ತುತ್ತು ಬಾಯಿಗಿಡುವಾಗ ಕ್ಯಾಮೆರಾವನ್ನು ಬೇರೆ ಕಡೆ ತಿರುಗಿಸುವಷ್ಟು ಸೂಕ್ಷ್ಮದವನು. ಎಡಿಟ್ ಮಾಡುವ ಕಂಪ್ಯೂಟರ್ ಮಾತ್ರ ಆಪಲ್ ಕಂಪನಿಯ ಒರಿಜಿನಲ್ ಮ್ಯಾಕ್ ಎಂದು ಎಲ್ಲರ ಹತ್ತಿರವೂ ಹೇಳಿಕೊಂಡಿದ್ದ.

ಅಲ್ಲವೆಂದು ಮೊದಲು ತಿಳಿದವಳು ನಾನು. ಮಗಳು ನಿಸರ್ಗಳ ಜಾವಳದ ವಿಡಿಯೋ ಏನಾಯಿತೆಂದು ಅವನಿಗೆ ದಿನಾ ಫೋನು ಮಾಡುತ್ತಿದ್ದೆ. ಕಡೆಗೆ ತಡೆಯಲಾಗದೆ ಬೆಂಗಳೂರಿನಿಂದ ಬಂದು ಅತ್ತೆ ಶಿವರುದ್ರಮ್ಮನವರನ್ನೂ ಕರೆದುಕೊಂಡು ಅಂಗಡಿಗೇ ಹೋದೆ. ಪರದೆ ಕಪ್ಪಗಿತ್ತು. ಯೋಗೀಶ ನಮ್ಮ ಮುಖ ನೋಡದೆ ಹೇಳಿದ. ಅದು ಬಿಡಿಭಾಗ ತಂದು ತಾನೇ ಜೋಡಿಸಿದ ಪೆಟ್ಟಿಗೆ. ಮ್ಯಾಕ್‌ನ ಸಾಫ್ಟ್‌ವೇರನ್ನು ಹೇಗೋ ಅದಕ್ಕೆ ಒಪ್ಪಿಸಿದ್ದ. ಈಗ ಹಳೆಯದರ ಮೇಲೇ ಹೊಸ ಆವೃತ್ತಿ ಹಾಕಲು ಹೋಗಿ ಶುರುವೇ ಆಗುತ್ತಿಲ್ಲ.

"ಎಲ್ಲಾ ಅಳಿಸಿ ಹೊಸ್ದಾಗಿ ಹಾಕಿದ್ರೆ ಇವತ್ತೇ ಸರಿಹೋಯ್ತದೆ ಅತ್ತಿಗೆ. ಆದ್ರೆ ಪಾಪು ಜಾವಳನೂ ಹೋಯ್ತದೆ. ಕ್ಯಾಮೆರಾ ಕಾರ್ಡು ಖಾಲಿ ಮಾಡ್ಬುಟ್ಟಿದ್ದೀನಿ."

ಅತ್ತೆ ಕೇಳಿದರು, "ತೋಟದಾಗೆ ಹಳೇ ಮರ ಇರಂಗೇ ಮಧ್ಯಕ್ಕೆ ಸಸಿ ಇಕ್ಕಲ್ವೇನಪ್ಪ. ಹಂಗೆ ಮಾಡಕಾಗಲ್ವಾ?"

"ಅದ್ನೇ ಮಾಡಿದ್ದು ದೊಡ್ಡಮ್ಮ. ಸಸಿನೂ ಹತ್ಲಿಲ್ಲ, ಮರನೂ ಉಳೀಲಿಲ್ಲ."

ನನಗೆ ನಗು ಬರಲಿಲ್ಲ. "ಡಿಸ್ಕ್ ಬಿಚ್ಚಿ ಬೇರೆ ಮ್ಯಾಕ್‌ಗೆ ಹಾಕಿ ನೋಡೋಕಾಗಲ್ವಾ?"

"ಆಯ್ತದೆ. ಚಿಕ್ಕನಾಯಕನಹಳ್ಳಿ ತಿಮ್ಮೇಶನ ಹತ್ರ ಐತೆ," ಎಂದ. ತಿಮ್ಮೇಶನದೂ ಇದೇ ಕಸುಬು. ಮದುವೆ ಮನೆಗಳಲ್ಲಿ ಎದುರಾದಾಗಲೆಲ್ಲ ಯೋಗೀಶ ಅವನ ಮುಂದೆ ತನ್ನ ಮ್ಯಾಕಿನ ಪ್ರತಾಪ ಹೇಳಿಕೊಳ್ಳುತ್ತಿದ್ದ. ಈಗ ಅವನ ಬಾಗಿಲಿಗೆ ಹೋದರೆ ಎಲ್ಲ ಬಯಲು. ಅದು ಗೊತ್ತಿದ್ದೂ ನಾನು ಬಿಡಲಿಲ್ಲ. "ಕೂದಲು ಮತ್ತೆ ಬರುತ್ತೆ ಯೋಗೀಶ್, ಜಾವಳ ಮತ್ತೆ ಬರುತ್ತಾ?"

ಮರುದಿನ ಯೋಗೀಶ ಡಿಸ್ಕನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಬಸ್ ಹತ್ತಿದ. ದಾರಿಯಲ್ಲಿ ಅದಕ್ಕೆ ಏನಾದರೂ ಆದೀತೆಂದು ಮಗುವನ್ನೆತ್ತಿಕೊಂಡು ನಾನೂ ಹೋದೆ. ತಿಮ್ಮೇಶನ ಅಂಗಡಿಯಲ್ಲಿ ಆಲ್ಬಂ ಆರಿಸಲು ಬಂದವರು ತುಂಬಿದ್ದರು. ಅವನು ಡಿಸ್ಕನ್ನು ತಿರುಗಿಸಿ ನೋಡಿದ.

"ಲೇ ಯೋಗಿ, ಮ್ಯಾಕ್ ಒಳಗೆ ಇಂಥದು ಇರಲ್ವಲ್ಲ ಕಣ್ಲಾ. ಹುಟ್ಟಿದ್ದೊಂದ್ಕಡೆ, ಹೆಸರಿಟ್ಟಿದ್ದೊಂದ್ಕಡೆನಾ?"

ಕೂತಿದ್ದವರು ನಕ್ಕರು.

"ಜೋಡ್ಸಿರೋದು ಕಣ್ಲಾ. ಮ್ಯಾಕ್ ಅಲ್ಲ," ಎಂದ ಯೋಗೀಶ. ಕಿವಿ ಕೆಂಪಾಗಿತ್ತು. ಮುಂದೆ ಯಾರೂ ಪ್ರಶ್ನೆ ಎತ್ತದ ಹಾಗೆ, ಎಲ್ಲರಿಗೂ ಕೇಳುವಂತೆಯೇ ಹೇಳಿದ.

ವಿಡಿಯೋ ಸಿಕ್ಕಿತು. ತಿಮ್ಮೇಶ ಹಾಕಿ ತೋರಿಸಿದ. ಮನೆದೇವರ ಗುಡಿಯ ಜಗಲಿ, ಕತ್ತರಿ ಒರೆಸುತ್ತಿರುವ ಕ್ಷೌರಿಕ. ಮಗು ಇನ್ನೂ ಚಿತ್ರದೊಳಗೆ ಬಂದಿರಲಿಲ್ಲ, ಅಷ್ಟರಲ್ಲಿ ನನ್ನ ದನಿ ಕೇಳಿಸಿತು. "ಯೋಗೀಶ್, ನಿಮ್ಮ ಮ್ಯಾಕ್ ಒರಿಜಿನಲ್ ತಾನೆ? ಬೆಂಗಳೂರಲ್ಲಿ ನಾವು ಡೂಪ್ಲಿಕೇಟ್ ಜನರನ್ನ ಮನೆ ಬಾಗಿಲಿಗೂ ಸೇರಿಸಲ್ಲ. ಅಲ್ಲದಿದ್ರೆ ಈಗಲೇ ಹೇಳಿ, ಬೇರೆಯವರನ್ನ ಕರೆಸ್ತೀನಿ."

ಚಿತ್ರ ಸ್ವಲ್ಪ ಅಲುಗಿತು. "ಒರಿಜಿನಲ್ಲೇ ಅತ್ತಿಗೆ," ಎಂದಿತು ಕ್ಯಾಮೆರಾ ಹಿಂದಿನ ದನಿ.

ನಗುತ್ತಿದ್ದವರು ಈಗ ನನ್ನ ಕಡೆ ನೋಡಿದರು. ತಿಮ್ಮೇಶ ಮೆಲ್ಲಗೆ ಸದ್ದು ಕಡಿಮೆ ಮಾಡಿದ. ಮಗುವಿನ ನುಣ್ಣನೆ ತಲೆಯ ಹಿಂದೆ ಮುಖ ಮರೆಸಿಕೊಂಡೆ.

ಯೋಗೀಶ ಹತ್ತಿರ ಬಂದು ಬಗ್ಗಿ ಹೇಳಿದ, "ಅಲ್ಲಿ ಕಟ್ ಮಾಡ್ಬುಡ್ತೀನಿ ಅತ್ತಿಗೆ. ಮನೇಲಿ ಯಾರ್ಗೂ ಕೇಳ್ಸಲ್ಲ."