ಫ್ಲೆಕ್ಸಿನ ಕೆಳಗಿದ್ದ ಮುಖ

ಶಹಾಪುರ ಬಸ್‌ನಿಲ್ದಾಣದಲ್ಲಿ ಕಂಡದ್ದೆಲ್ಲ ನಿಜವೋ, ಸಿಟ್ಟಿನಲ್ಲಿ ನಾನೇ ಒಂದಿಷ್ಟು ಸೇರಿಸಿಕೊಂಡೆನೋ, ಖಚಿತವಾಗಿ ಹೇಳಲಾರೆ. ಸ್ಪೇನಿನ ಫುಟ್‌ಬಾಲ್ ಆಟಗಾರನೊಬ್ಬನಿಗೆ ಆನ್‌ಲೈನ್‌ನಲ್ಲಿ ಕೋಟಿಗಟ್ಟಲೆ ಅಭಿಮಾನಿಗಳಾದರೆಂದು ಇಲ್ಲಿ ಅಭಿನಂದನೆಯ ಫ್ಲೆಕ್ಸ್ ಕಟ್ಟಿದ್ದರು. ಅವನ ಸುತ್ತ, ಕಟ್ಟಿದವರ ಮುಖಗಳು.

ಹಸಿರು ಬಳೆಯ ಹೆಂಗಸೊಬ್ಬಳು ಅದರ ಅಂಚನ್ನು ಎತ್ತಿ ಹಿಡಿದು ನಿಂತಿದ್ದಳು. ಕೆಳಗೆ ಅವಳೇ ಅಂಟಿಸಿದ ಪೋಸ್ಟರಿತ್ತು: ಕಡೇಚೂರಿನ ಕಾರ್ಖಾನೆಗೆ ಹೋದ ಗಂಡ ಕಾಣೆಯಾಗಿದ್ದಾನೆ.

"ನನ್ನ ಗಂಡನ ಮಾರಿ ಮುಚ್ಚೀರಲ್ಲಪ್ಪಾ, ಮಂದಿ ಹೆಂಗ ಗುರ್ತ ಹಿಡೀಬೇಕು?"

"ಒಂದು ವಾರ ತಡೀರಿ ಅಕ್ಕಾ," ಎಂದ ಫ್ಲೆಕ್ಸ್ ಕಟ್ಟಿಸಿದವರಲ್ಲೊಬ್ಬ. "ಈಗಷ್ಟೆ ಫ್ಲೆಕ್ಸಿನ ಫೋಟೋ ತಗದು ನಮ್ಮ ಆನ್‌ಲೈನ್ ಪುಟದಾಗ ಹಾಕೀವಿ, ಆ ಆಟಗಾರ ಸ್ಪೇನಿನಾಗ ನೋಡ್ತಾನ."

"ಅಂವ ನೋಡಿ ಏನ್ ಮಾಡ್ತಾನ? ಇಲ್ಲಿ ಬಸ್ ಹತ್ತೋರು ನೋಡಬೇಕು."

ನಾನೂ ಜಗಳಕ್ಕಿಳಿದೆ. ಫ್ಲೆಕ್ಸ್ ಬಿಚ್ಚಲಿಲ್ಲ.

ಆಮೇಲೆ ಅವರ ಪುಟ ತೆಗೆದು ನೋಡಿದೆ. ಫ್ಲೆಕ್ಸಿನ ಚಿತ್ರವಿದೆ. ಕೆಳಗಿನ ಅಂಚನ್ನು ಎತ್ತಿ ಹಿಡಿದ, ಹಸಿರು ಬಳೆಯ ಕೈಯೂ ಇದೆ.