ಆಯಿ ಮುಚ್ಚಿಟ್ಟ ನೀರು

ಕಿತ್ತಳೆಯ ಆ ಹುಸಿ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ತಲೆ ತಾನಾಗಿ ತಗ್ಗುತ್ತದೆ. ಮೊನ್ನೆ ಹಿಮಾಯತ್‌ನಗರದ ನಮ್ಮ ಫ್ಲ್ಯಾಟಿನಲ್ಲಿ ಮೊಮ್ಮಗಳಿಗೆ ಭೇದಿ ಹಿಡಿದಾಗ ಸೊಸೆ ಕಿತ್ತಳೆ ರುಚಿಯ ಓಆರ್‌ಎಸ್ ಪೊಟ್ಟಣ ಹರಿದು ನೀರಿಗೆ ಸುರಿದು ಚಮಚದಿಂದ ತಿರುವಿದಳು. ಮಗು ಗುಟುಕು ಗುಟುಕಾಗಿ ಕುಡಿಯಿತು. ಸಂಜೆಗೆಲ್ಲ ಎದ್ದು ಕೂತು ಟಿ.ವಿ. ಹಾಕೆಂದು ಹಟ ಹಿಡಿಯಿತು. "ಆಗಿನ ಕಾಲದಾಗ ಇಷ್ಟಕ್ಕೇ ಮಕ್ಕಳು ಸಾಯ್ತಿದ್ದುವಂತ, ಖರೇನ್ರಿ ಅತ್ತಿ?" ಎಂದಳು ಸೊಸೆ. ನಾನು ಲೋಟ ತೊಳೆಯಲು ಒಳಗೆ ಹೋದೆ.

ಈ ಫ್ಲ್ಯಾಟು ಎದ್ದಿರುವ ಜಾಗದಲ್ಲೇ ನನ್ನ ತವರಿನ ಹಳೆಯ ಮನೆ ಇತ್ತು. ಕಲಬುರಗಿ ಕಡೆಯಿಂದ ಈ ತೆಲುಗರ ಊರಿಗೆ ಬಂದು ಬಟ್ಟೆ ವ್ಯಾಪಾರಕ್ಕೆ ನಿಂತವರು ನಮ್ಮ ತಂದೆ. ಮನೆಯ ಯಜಮಾನಿಕೆ ಮಾತ್ರ ಅವರ ತಾಯಿ, ನಮ್ಮ ಆಯಿಯದು. ಅವಳ ಸೆರಗಿಗೆ ಸದಾ ಹುರಿದ ಶೇಂಗಾದ ವಾಸನೆ. ಪಡಸಾಲೆಯ ಮೂಲೆಯಲ್ಲಿ ಕುಡಿಯುವ ನೀರಿನ ಮಣ್ಣಿನ ಗಡಿಗೆ, ಬೇಸಿಗೆಯಲ್ಲಿ ಅದರ ಸುತ್ತ ಒದ್ದೆ ಬಟ್ಟೆ. ನನ್ನ ತಮ್ಮ ಗುಂಡು ಅವಳ ಜೀವ. ಮಾವಿನಹಣ್ಣಿನ ಮೊದಲ ಹೋಳು ಅವನದೇ ಆಗಬೇಕು, ನಾವು ಉಳಿದವರು ಕಾಯಬೇಕು.

ಒಂದು ಬೇಸಿಗೆಯಲ್ಲಿ ಅವನಿಗೆ ವಾಂತಿ ಭೇದಿ ಹತ್ತಿತು. ಹೊಟ್ಟೆ ಹರಿಯುವಾಗ ಹನಿ ನೀರೂ ಕೊಡಬಾರದೆಂಬುದು ನಮ್ಮ ಮನೆಯ ರೂಢಿ. ಕುಡಿಸಿದಷ್ಟೂ ಹರಿದುಹೋಗುತ್ತದೆಂಬ ನಂಬಿಕೆ. ಅವ್ವ ತಡೆಯಲಾರದೆ ಲೋಟ ಹಿಡಿದು ಬಂದಳು. ಆಯಿ ಅದನ್ನು ಕಸಿದುಕೊಂಡು, ಗಡಿಗೆಯ ಮೇಲೆ ಹಿತ್ತಾಳೆ ತಟ್ಟೆ ಮುಚ್ಚಿ, ಅಳುತ್ತಲೇ ಅಲ್ಲಿ ಕಾವಲು ಕೂತಳು. ಗುಂಡು ತೆವಳಿಕೊಂಡು ಬಂದು ಗಡಿಗೆಯ ಒದ್ದೆ ಬಟ್ಟೆಗೆ ಬಾಯಿ ಹಚ್ಚಿದ. ಅವಳು ಮೆಲ್ಲಗೆ ಬಿಡಿಸಿ ತೊಡೆಯ ಮೇಲೆ ಮಲಗಿಸಿಕೊಂಡಳು. ಮರುದಿನ ಮಧ್ಯಾಹ್ನ ಅಲ್ಲೇ ತಣ್ಣಗಾದ. ದೃಷ್ಟಿ ತಾಗಿತೆಂದು ನಾವು ಕೇಳಿದವರಿಗೆಲ್ಲ ಹೇಳಿದೆವು.

ಎಷ್ಟೋ ವರ್ಷಗಳ ಮೇಲೆ ನರ್ಸಮ್ಮ ಒಬ್ಬಳು ನಮ್ಮ ಗಲ್ಲಿಗೆ ಬಂದಳು. ಕಾಯಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಕಲಸಿ ತೋರಿಸಿ, ಭೇದಿಯಾದರೆ ಮೊದಲು ಇದನ್ನು ಕುಡಿಸಿ, ಮೈಯ ನೀರು ಬತ್ತಿಯೇ ಮಕ್ಕಳು ಸಾಯುವುದು ಎಂದು ತೆಲುಗಿನಲ್ಲಿ ಹೇಳಿದಳು. ಆಯಿಗೆ ತೆಲುಗು ಚೆನ್ನಾಗಿಯೇ ತಿಳಿಯುತ್ತಿತ್ತು. ಆದರೂ ಅವ್ವನ ಕಡೆ ತಿರುಗಿ ಕೇಳಿದಳು:

"ಏನಂದ್ಲಾಕಿ?"

"ಏನಿಲ್ರಿ ಅತ್ತಿ."

ಆಯಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಒಳಗೆ ಹೋದಳು.

ಈಗ ನನಗೆ ಆಯಿಯ ಆಗಿನ ವಯಸ್ಸಿಗಿಂತ ಹೆಚ್ಚು. ಲಸಿಕೆ, ಗುಳಿಗೆ, ನಲ್ಲಿಯ ಶುದ್ಧ ನೀರು, ಏನೇನೋ ಸೇರಿ ನಮ್ಮ ಆಯುಷ್ಯ ಬೆಳೆಸಿದವು. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಆದರೆ ಉಪ್ಪು, ಸಕ್ಕರೆ, ನೀರು ಆ ದಿನವೂ ನಮ್ಮ ಮನೆಯಲ್ಲಿದ್ದವು. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತದೆ. ನಿಮ್ಮ ಮನೆಯಲ್ಲೂ ಯಾರೂ ಹೆಸರೆತ್ತದ ಇಂಥ ಒಬ್ಬ ತಮ್ಮನೋ ತಂಗಿಯೋ ಇದ್ದಿರಬಹುದು. ಆಯಿ ಕೊನೆಗೆ ಹಾಸಿಗೆ ಹಿಡಿದಾಗ ಅವ್ವ ಅವಳ ಬಾಯಿಗೆ ನೀರು ಹಿಡಿದಳು. ಒಣಗಿ ಬಿರಿದ ತುಟಿಗಳನ್ನು ಬಿಗಿದುಕೊಂಡು ಆಯಿ ಗೋಡೆಯ ಕಡೆ ತಿರುಗಿದಳು.

"ಬ್ಯಾಡ. ಅವಂಗ ನಾ ಕೊಡಲಿಲ್ಲ."